ಸಾರ್ವಜನಿಕ ಸಂಪರ್ಕ, ಜಾಹೀರಾತು, ಸಂವಹನ: ಸ್ನಾತಕೋತ್ತರ ಕೋರ್ಸನ್ನು ಆರಿಸಿಕೊಳ್ಳುವ ಬಗೆ

ಅರ್ಜಿ ತುಂಬುವ ಮೊದಲು ಒಂದು ಬೆಳಿಗ್ಗೆ ಬಿಡುವು ಮಾಡಿಕೊಳ್ಳಿ. ದಾವಣಗೆರೆಯವರಾದರೆ ಜಯದೇವ ವೃತ್ತದ ಕಡೆಯಿಂದ, ಚಿತ್ರದುರ್ಗದವರಾದರೆ ಬಸ್ ನಿಲ್ದಾಣದ ಅಂಗಡಿಯಿಂದ ಎರಡು ರಾಜ್ಯಮಟ್ಟದ ಕನ್ನಡ ಪತ್ರಿಕೆ, ಒಂದು ಸ್ಥಳೀಯ ಪತ್ರಿಕೆ ಮತ್ತು ಒಂದು ಇಂಗ್ಲಿಷ್ ಪತ್ರಿಕೆಯನ್ನು ಕೊಂಡು ತಂದು, ನಾಲ್ಕು ಬಣ್ಣದ ಪೆನ್ನು ಹಿಡಿದು ಕುಳಿತುಕೊಳ್ಳಿ. ಹಣ ಕೊಟ್ಟು ಹಾಕಿಸಿದ ಜಾಹೀರಾತಿಗೆ ಒಂದು ಬಣ್ಣ. ಸುದ್ದಿಯ ವೇಷದಲ್ಲಿರುವ ಜಾಹೀರಾತಿಗೆ ಇನ್ನೊಂದು. ಯಾರೋ ಕಳುಹಿಸಿದ ಪತ್ರಿಕಾ ಪ್ರಕಟಣೆಯಿಂದ ಅಥವಾ ಕರೆದ ಸುದ್ದಿಗೋಷ್ಠಿಯಿಂದ ಹುಟ್ಟಿದ ಸುದ್ದಿಗೆ ಮೂರನೆಯದು. ವರದಿಗಾರರು ತಾವೇ ಅಲೆದು ತಂದ ಸುದ್ದಿಗೆ ನಾಲ್ಕನೆಯದು. ಸಂಜೆಯ ಹೊತ್ತಿಗೆ ಮೂರನೆಯ ಬಣ್ಣ ನೀವು ಎಣಿಸಿದ್ದಕ್ಕಿಂತ ಎಷ್ಟು ಹೆಚ್ಚು ಜಾಗ ತುಂಬಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಪಾಲಿಕೆಯ ನೀರು ಪೂರೈಕೆ ವ್ಯತ್ಯಯದ ಸೂಚನೆ, ಆಸ್ಪತ್ರೆಯೊಂದರ ಉಚಿತ ತಪಾಸಣಾ ಶಿಬಿರ, ಕಾಲೇಜಿನ ರ‍್ಯಾಂಕ್ ಪಟ್ಟಿ, ಮಠದ ಕಾರ್ಯಕ್ರಮ, ಸಂಘಟನೆಯ ಮನವಿ, ಇವೆಲ್ಲದರ ಹಿಂದೆಯೂ ಯಾರೋ ಒಬ್ಬರು ಕುಳಿತು ಬರೆದಿದ್ದಾರೆ. ಆ ಬರಹಗಳಲ್ಲಿ ಯಾವುದನ್ನು ನೀವು ಇನ್ನೂ ಚೆನ್ನಾಗಿ ಬರೆಯಬಲ್ಲಿರಿ ಎಂದು ಅನಿಸಿತೋ ಅದನ್ನು ಗುರುತು ಹಾಕಿಕೊಳ್ಳಿ. ಯಾವ ಕೋರ್ಸಿಗೆ ಸೇರಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಆ ಗುರುತಿನಿಂದಲೇ ಆರಂಭವಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಏಕೆಂದರೆ ಸಾರ್ವಜನಿಕ ಸಂಪರ್ಕ, ಜಾಹೀರಾತು, ಸಂವಹನ ಎಂದು ಒಂದೇ ಉಸಿರಿನಲ್ಲಿ ಹೇಳುವ ಈ ಮೂರು ಹೆಸರುಗಳು ಮೂರು ಬೇರೆ ಬೇರೆ ಕೆಲಸಗಳು. ಜಾಹೀರಾತಿನವರು ಜಾಗವನ್ನೂ ಸಮಯವನ್ನೂ ಹಣ ಕೊಟ್ಟು ಕೊಳ್ಳುತ್ತಾರೆ. ಅಲ್ಲಿ ಏನು ಬರಬೇಕೆಂಬುದು ಪೂರ್ಣವಾಗಿ ಅವರ ಕೈಯಲ್ಲಿರುತ್ತದೆ. ಸಾರ್ವಜನಿಕ ಸಂಪರ್ಕದವರಿಗೆ ಆ ಹಿಡಿತವಿಲ್ಲ. ಪತ್ರಕರ್ತರು, ನೌಕರರು, ಗ್ರಾಹಕರು, ಅಧಿಕಾರಿಗಳು ಸಂಸ್ಥೆಯ ಮಾತನ್ನು ನಂಬುವಂತೆ ನಡೆದುಕೊಳ್ಳುವುದು, ಕಷ್ಟ ಬಂದ ದಿನ ಫೋನ್ ಎತ್ತಿ ಉತ್ತರ ಕೊಡುವುದು ಅವರ ಕೆಲಸ. ಸಂವಹನ ಎಂಬುದು ಇವೆರಡನ್ನೂ ಒಳಗೊಂಡು ಇನ್ನೂ ಆಚೆಗೆ ಚಾಚಿದ ಕ್ಷೇತ್ರ. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡ್ ಮಕ್ಕಳ ಹಲ್ಲು, ಮೂಳೆಗಳಿಗೆ ಏನು ಮಾಡುತ್ತದೆ ಎಂಬುದನ್ನು ಮನೆಮನೆಗೂ ಅರ್ಥವಾಗುವಂತೆ ತಲುಪಿಸುವುದು, ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆಗೆ ಜಮೀನು ಬಿಟ್ಟುಕೊಡಬೇಕಾದ ರೈತನಿಗೆ ಪರಿಹಾರದ ಕ್ರಮವನ್ನು ಗೊಂದಲವಿಲ್ಲದೆ ತಿಳಿಸುವುದು, ಇವು ಅಭಿವೃದ್ಧಿ ಸಂವಹನದ ಪ್ರಶ್ನೆಗಳು. ಮಂಡಕ್ಕಿ ಭಟ್ಟಿಯ ಮಾಲೀಕರೊಬ್ಬರು ತಮ್ಮ ಸರಕನ್ನು ಪೊಟ್ಟಣ ಕಟ್ಟಿ ಬೆಂಗಳೂರಿನಲ್ಲಿ ಮಾರಲು ಹೊರಟರೆ ಅವರಿಗೆ ಬೇಕಾಗುವುದು ಜಾಹೀರಾತು ಬಲ್ಲವರು. ಅದೇ ಪೊಟ್ಟಣದ ಗುಣಮಟ್ಟದ ಬಗ್ಗೆ ದೂರು ಹರಡಿದ ದಿನ ಬೇಕಾಗುವುದು ಸಾರ್ವಜನಿಕ ಸಂಪರ್ಕ ಬಲ್ಲವರು. ಒಬ್ಬರೇ ಎರಡನ್ನೂ ಮಾಡಬಹುದು, ಸಣ್ಣ ಊರುಗಳಲ್ಲಿ ಮಾಡುತ್ತಲೂ ಇದ್ದಾರೆ. ಆದರೆ ಎರಡು ವರ್ಷದಲ್ಲಿ ಆಳವಾಗಿ ಕಲಿಯಲು ಸಾಧ್ಯವಾಗುವುದು ಒಂದನ್ನು ಮಾತ್ರ.

ಕೋರ್ಸಿನ ಹೆಸರು ಎಲ್ಲಿ ಮುಖ್ಯ, ಎಲ್ಲಿ ಅಲ್ಲ

ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯಗಳು ಬಹುತೇಕ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಎಂಬ ಒಂದೇ ಹೆಸರಿನಡಿ ಇವೆ. ಇದಕ್ಕೆ ಚರಿತ್ರೆಯ ಕಾರಣವಿದೆ. 1950ರ ದಶಕದ ಆರಂಭದಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಕಟ್ಟಿದ ವಿಭಾಗ ಪತ್ರಕರ್ತರನ್ನು ತಯಾರು ಮಾಡಲು ಹುಟ್ಟಿದ್ದು. ಜಾಹೀರಾತು, ಸಾರ್ವಜನಿಕ ಸಂಪರ್ಕಗಳು ಆ ಬುಡದ ಮೇಲೆ ಕವಲುಗಳಾಗಿ ಸೇರಿಕೊಂಡವು. ಹಾಗಾಗಿ ಎಂಎ ಪತ್ರಿಕೋದ್ಯಮಕ್ಕೆ ಸೇರಿದರೆ ಸಾರ್ವಜನಿಕ ಸಂಪರ್ಕವೂ ತಾನಾಗಿಯೇ ಬಂದುಬಿಡುತ್ತದೆ ಎಂದು ಭಾವಿಸಬಾರದು. ಹಲವೆಡೆ ಅದು ನಾಲ್ಕು ಸೆಮಿಸ್ಟರುಗಳ ನಡುವೆ ಬರುವ ಒಂದೆರಡು ಪತ್ರಿಕೆಗಳಷ್ಟೇ (ಪತ್ರಿಕೆ ಎಂದರೆ ಇಲ್ಲಿ ಪಠ್ಯಕ್ರಮದ ಒಂದು ಪರೀಕ್ಷಾ ವಿಷಯ). ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ನಾನು ಓದಿದ ಕೋರ್ಸಿನ ಹೆಸರಿನಲ್ಲಿಯೇ ಜಾಹೀರಾತು ಎಂಬ ಪದವಿತ್ತು. ಅಲ್ಲಿ ಕಳೆದ ಅಷ್ಟೂ ದಿನಗಳಲ್ಲಿ ಜಾಹೀರಾತಿನ ವ್ಯಾಖ್ಯಾನಗಳನ್ನು ಬಾಯಿಪಾಠ ಮಾಡಿಸಿದರೇ ಹೊರತು ಒಂದೇ ಒಂದು ಜಾಹೀರಾತನ್ನೂ ಬರೆಸಲಿಲ್ಲ. ಕೆಲಸಕ್ಕೆ ಹೋದ ಮೊದಲ ವಾರ ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ. ಆ ವಾರದ ಸಂಕಟ ಇಂದಿಗೂ ಮರೆತಿಲ್ಲ, ಈ ಬರಹಕ್ಕೆ ಅದೂ ಒಂದು ಕಾರಣ.

ಜಾಹೀರಾತು, ಪ್ರಚಾರದ ಕೆಲಸ ಮಾಡಿಕೊಡುವ ಖಾಸಗಿ ಏಜೆನ್ಸಿಗಳು ಪದವಿಯ ಹೆಸರಿಗಿಂತ ನೀವು ಮಾಡಿದ ಕೆಲಸದ ಕಡತವನ್ನು, ಅವರ ಮಾತಿನಲ್ಲಿ ಪೋರ್ಟ್‌ಫೋಲಿಯೊವನ್ನು, ಕೇಳುತ್ತವೆ. ಸರ್ಕಾರಿ ನೌಕರಿ ಮತ್ತು ಅಧ್ಯಾಪನದಲ್ಲಿ ಮಾತ್ರ ಹೆಸರು ನಿರ್ಣಾಯಕ. ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಹುದ್ದೆಗಳ ಮೇಲೆ ಕಣ್ಣಿಟ್ಟವರು ಹಿಂದಿನ ನೇಮಕಾತಿ ಅಧಿಸೂಚನೆಗಳನ್ನು ತೆಗೆದು, ಅಲ್ಲಿ ಯಾವ ಪದವಿಯನ್ನು ಯಾವ ಪದಗಳಲ್ಲಿ ಕೇಳಿದ್ದಾರೆ ಎಂಬುದನ್ನು ಅಕ್ಷರ ಅಕ್ಷರವಾಗಿ ಓದಬೇಕು. ವ್ಯವಹಾರ ನಿರ್ವಹಣೆಯ ಪದವಿಯೊಳಗೆ ಸಂವಹನವನ್ನು ವಿಶೇಷ ವಿಷಯವಾಗಿ ಓದಿದವರು ಅರ್ಜಿಯ ಹಂತದಲ್ಲೇ ತೊಡಕಿಗೆ ಸಿಲುಕಬಹುದು. ಅಧ್ಯಾಪಕರಾಗಬೇಕೆಂದಿರುವವರಿಗೆ ಯುಜಿಸಿ ನೆಟ್ ಪರೀಕ್ಷೆಯ ಸಮೂಹ ಸಂವಹನ ಮತ್ತು ಪತ್ರಿಕೋದ್ಯಮ ವಿಷಯವಿದೆ. ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗದವರು ಶೇ. 55, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಮತ್ತು ಅಂಗವಿಕಲ ಅಭ್ಯರ್ಥಿಗಳು ಶೇ. 50 ಅಂಕ ಪಡೆದಿರಬೇಕು. ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಎಷ್ಟೇ ಹೆಸರುವಾಸಿಯಾದದ್ದಾದರೂ ಈ ದಾರಿಗೆ ಸಾಲುವುದಿಲ್ಲ.

ಪಠ್ಯಕ್ರಮವನ್ನು ಓದುವುದು

ನನ್ನ ಬಳಿ ಸಲಹೆ ಕೇಳಲು ಬರುವವರಲ್ಲಿ ಹೆಚ್ಚಿನವರು ಕಾಲೇಜಿನ ಮಾಹಿತಿ ಪುಸ್ತಿಕೆಯನ್ನು ಓದಿರುತ್ತಾರೆ, ಪಠ್ಯಕ್ರಮವನ್ನು ಓದಿರುವುದಿಲ್ಲ. ಪುಸ್ತಿಕೆಯೂ ಒಂದು ಜಾಹೀರಾತೇ. ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪಠ್ಯಕ್ರಮ ಸಾಮಾನ್ಯವಾಗಿ ದೊರೆಯುತ್ತದೆ. ದೊರೆಯದಿದ್ದರೆ ವಿಭಾಗಕ್ಕೆ ಪತ್ರ ಬರೆದು ಕೇಳಿ. ಕೊಡಲು ಹಿಂಜರಿಯುವ ಸಂಸ್ಥೆಯನ್ನು ಅಲ್ಲಿಗೇ ಬಿಟ್ಟುಬಿಡುವುದು ಲೇಸು.

ಪಠ್ಯಕ್ರಮ ಕೈಗೆ ಬಂದ ಮೇಲೆ ಒಟ್ಟು ಎಷ್ಟು ಪತ್ರಿಕೆಗಳಿವೆ, ಅವುಗಳಲ್ಲಿ ನೀವು ಆರಿಸಿಕೊಂಡ ಕೆಲಸಕ್ಕೆ ನೇರವಾಗಿ ಸೇರಿದವು ಎಷ್ಟು, ಅವುಗಳಲ್ಲಿ ಲಿಖಿತ ಪರೀಕ್ಷೆಯಿಂದಲ್ಲದೆ ವಿದ್ಯಾರ್ಥಿ ತಯಾರಿಸಿದ ಕೆಲಸದಿಂದ ಅಂಕ ಕೊಡುವಂಥವು ಎಷ್ಟು ಎಂದು ಎಣಿಸಿ. ಈ ಮೂರನೆಯ ಸಂಖ್ಯೆಗೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಕೋರ್ಸ್ ಮುಗಿದಾಗ ನಿಮ್ಮ ಬಳಿ ನೀವೇ ಬರೆದ ಪತ್ರಿಕಾ ಪ್ರಕಟಣೆಗಳು, ಒಂದು ಪೂರ್ಣ ಪ್ರಚಾರ ಯೋಜನೆ, ರೇಡಿಯೊ ಜಾಹೀರಾತಿನ ಸ್ಕ್ರಿಪ್ಟ್, ಯಾವ ಮಾಧ್ಯಮದಲ್ಲಿ ಯಾವಾಗ ಜಾಹೀರಾತು ಹಾಕಬೇಕೆಂದು ಖರ್ಚಿನ ಲೆಕ್ಕ ಸಮೇತ ತೋರಿಸುವ ಒಂದು ಮೀಡಿಯಾ ಪ್ಲಾನ್, ಜನರನ್ನು ಮಾತನಾಡಿಸಿ ಬರೆದ ಒಂದು ಸಮೀಕ್ಷಾ ವರದಿ ಇರಬೇಕು. ಇವನ್ನು ಕೊಡದ ಕೋರ್ಸ್ ಅಂಕಪಟ್ಟಿಯನ್ನಷ್ಟೇ ಕೊಡುತ್ತದೆ.

ಆಮೇಲೆ ಒಳಹೊಕ್ಕು ನೋಡಿ. ಸಾರ್ವಜನಿಕ ಸಂಪರ್ಕದ ಫಲವನ್ನು ಅಳೆಯುವುದು ಹೇಗೆಂದು ಕಲಿಸುವ ಘಟಕ ಇದೆಯೇ? ಹಿಂದೆ ಪತ್ರಿಕೆಯಲ್ಲಿ ಬಂದ ಸುದ್ದಿಯ ಉದ್ದವನ್ನು ಕಾಲಂ ಸೆಂಟಿಮೀಟರುಗಳಲ್ಲಿ ಅಳೆದು, ಅದನ್ನು ಜಾಹೀರಾತಿನ ದರದಿಂದ ಗುಣಿಸಿ, ಇಷ್ಟು ಲಕ್ಷ ರೂಪಾಯಿಯ ಪ್ರಚಾರ ಸಿಕ್ಕಿತೆಂದು ಕ್ಲೈಂಟಿಗೆ, ಅಂದರೆ ಕೆಲಸ ಕೊಟ್ಟ ಸಂಸ್ಥೆಗೆ, ಒಪ್ಪಿಸುವ ರೂಢಿ ಇತ್ತು. 2010ರಲ್ಲಿ ಈ ವೃತ್ತಿಯವರೇ ಸೇರಿ ಒಪ್ಪಿದ ಬಾರ್ಸಿಲೋನಾ ತತ್ವಗಳು ಈ ಗುಣಾಕಾರ ಸಾರ್ವಜನಿಕ ಸಂಪರ್ಕದ ಮೌಲ್ಯವನ್ನು ತೋರಿಸುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದವು. ಜನರ ತಿಳಿವಳಿಕೆಯಲ್ಲಿ, ಅಭಿಪ್ರಾಯದಲ್ಲಿ, ನಡವಳಿಕೆಯಲ್ಲಿ ಏನು ಬದಲಾಯಿತು ಎಂಬುದನ್ನು ಅಳೆಯಬೇಕೆಂದವು. ಅಧ್ಯಾಪಕರೊಡನೆ ಮಾತನಾಡುವ ಅವಕಾಶ ಸಿಕ್ಕರೆ ಈ ಒಂದು ಪ್ರಶ್ನೆಯನ್ನು ವಿನಯದಿಂದ ಕೇಳಿ. ಕಾಲಂ ಸೆಂಟಿಮೀಟರಿನ ಉತ್ತರವೇ ಬಂದರೆ ಆ ಪಠ್ಯ 2010ಕ್ಕಿಂತ ಹಿಂದೆಯೇ ನಿಂತಿದೆ ಎಂದು ತಿಳಿಯಿರಿ.

ಕಾನೂನಿನ ಪತ್ರಿಕೆಯನ್ನೂ ಇದೇ ರೀತಿ ಪರೀಕ್ಷಿಸಬಹುದು. ಜಾಹೀರಾತು ಕ್ಷೇತ್ರದ ಸ್ವಯಂ ನಿಯಂತ್ರಣ ಸಂಸ್ಥೆಯಾದ ಎಎಸ್‌ಸಿಐ 1985ರಲ್ಲಿ ಆರಂಭವಾದದ್ದು. ಅದರ ಬಗ್ಗೆ ಎಲ್ಲ ಪಠ್ಯಗಳಲ್ಲೂ ಒಂದು ಪುಟವಾದರೂ ಇರುತ್ತದೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಅದರಡಿ 2020ರಲ್ಲಿ ಕೆಲಸ ಆರಂಭಿಸಿದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ 2022ರಲ್ಲಿ ಬಂದ ಮಾರ್ಗಸೂಚಿ, ಇವೂ ಇವೆಯೇ ಎಂದು ನೋಡಿ. ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ ಮಾತ್ರವಲ್ಲ, ಅದನ್ನು ಅನುಮೋದಿಸಿ ಕಾಣಿಸಿಕೊಂಡವರ ಮೇಲೂ 10 ಲಕ್ಷ ರೂಪಾಯಿಗಳವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ವಿಧಿಸಲು ಈ ಕಾಯ್ದೆಯಲ್ಲಿ ಅವಕಾಶವಿದೆ. ಊರಿನ ಅಂಗಡಿಗಳೂ ಇನ್‌ಸ್ಟಾಗ್ರಾಮ್ ರೀಲ್ ಮಾಡುವವರಿಂದ ಪ್ರಚಾರ ಮಾಡಿಸುತ್ತಿರುವ ಈ ಕಾಲದಲ್ಲಿ ಇದು ದೂರದ ಮುಂಬೈಯವರ ಚಿಂತೆಯಾಗಿ ಉಳಿದಿಲ್ಲ. ನೋವು ನಿವಾರಕ ಎಣ್ಣೆಯಿಂದ ಹಿಡಿದು ಸಂತಾನಭಾಗ್ಯದ ಔಷಧದವರೆಗೆ ಗೋಡೆಬರಹಗಳನ್ನು ನೋಡುತ್ತ ಬೆಳೆದ ನಮಗೆ ಔಷಧಗಳು ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ಕುರಿತ 1954ರ ಕಾಯ್ದೆಯ ಪರಿಚಯವೂ ಇರಲೇಬೇಕು.

ಬಿಕ್ಕಟ್ಟಿನ ಸಮಯದ ಸಂವಹನವನ್ನು ಕಲಿಸುವಾಗ 1982ರಲ್ಲಿ ಅಮೆರಿಕದ ಶಿಕಾಗೊ ಪ್ರದೇಶದಲ್ಲಿ ಟೈಲೆನಾಲ್ ಎಂಬ ನೋವು ನಿವಾರಕ ಮಾತ್ರೆಯ ಬಾಟಲಿಗಳಲ್ಲಿ ಯಾರೋ ಸಯನೈಡ್ ಬೆರೆಸಿ ಏಳು ಜನ ಸತ್ತ ಪ್ರಕರಣವನ್ನು ಎಲ್ಲರೂ ಹೇಳುತ್ತಾರೆ. ಕಂಪನಿ ಮೂರು ಕೋಟಿಗೂ ಹೆಚ್ಚು ಬಾಟಲಿಗಳನ್ನು ಮಾರುಕಟ್ಟೆಯಿಂದ ವಾಪಸ್ ಪಡೆದು ಜನರ ನಂಬಿಕೆ ಉಳಿಸಿಕೊಂಡಿತು. ಕಲಿಯಲೇಬೇಕಾದ ಪಾಠ ಅದು. ಆದರೆ 2015ರಲ್ಲಿ ನಮ್ಮ ದೇಶದಲ್ಲಿ ಮ್ಯಾಗಿ ನೂಡಲ್ಸ್ ಅಂಗಡಿಗಳಿಂದ ಕಣ್ಮರೆಯಾಗಿ, ಬಾಂಬೆ ಹೈಕೋರ್ಟಿನ ತೀರ್ಪಿನ ನಂತರ ಅದೇ ವರ್ಷದ ನವೆಂಬರಿನಲ್ಲಿ ಮರಳಿದ ಪ್ರಕರಣವನ್ನೂ ಅದೇ ತರಗತಿಯಲ್ಲಿ ಚರ್ಚಿಸುವ ವಿಭಾಗ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ನೀವು ಎದುರಿಸಬೇಕಾದ ನಿಯಂತ್ರಣ ಸಂಸ್ಥೆಗಳು, ನ್ಯಾಯಾಲಯಗಳು, ಸುದ್ದಿವಾಹಿನಿಗಳು ಇಲ್ಲಿಯವು.

ಕನ್ನಡಕ್ಕೆ ಎಷ್ಟು ಜಾಗ?

ಈ ಪ್ರಶ್ನೆಯನ್ನು ಯಾವ ಮಾರ್ಗದರ್ಶಿಯೂ ಕೇಳುವುದಿಲ್ಲ, ಆದರೆ ನಮ್ಮ ಭಾಗದ ವಿದ್ಯಾರ್ಥಿಗೆ ಇದು ಜೀವನೋಪಾಯದ ಪ್ರಶ್ನೆ. ಬಸ್ಸಿನ ಹಿಂಬದಿಯಲ್ಲಿ, ಬ್ಯಾಂಕಿನ ಗೋಡೆಯಲ್ಲಿ, ಮೊಬೈಲಿನ ಪರದೆಯಲ್ಲಿ ಬರುವ ಕನ್ನಡ ಜಾಹೀರಾತುಗಳಲ್ಲಿ ಎಷ್ಟೋ ಹಿಂದಿಯಿಂದಲೋ ಇಂಗ್ಲಿಷಿನಿಂದಲೋ ಪದಕ್ಕೆ ಪದ ಇಟ್ಟಂಥವು. ಓದಿದ ತಕ್ಷಣ ಇದು ನಮ್ಮವರು ಬರೆದದ್ದಲ್ಲ ಎಂದು ಅಜ್ಜಿಗೂ ಗೊತ್ತಾಗುತ್ತದೆ. ಕನ್ನಡದಲ್ಲಿಯೇ ಆಲೋಚಿಸಿ ಬರೆಯಬಲ್ಲ, ಜೊತೆಗೆ ಇಂಗ್ಲಿಷಿನಲ್ಲಿ ಕ್ಲೈಂಟಿನ ಎದುರು ತನ್ನ ಆಯ್ಕೆಯನ್ನು ಸಮರ್ಥಿಸಿಕೊಳ್ಳಬಲ್ಲ ಕಾಪಿರೈಟರ್‌ಗೆ, ಅಂದರೆ ಜಾಹೀರಾತಿನ ಬರಹಗಾರರಿಗೆ, ಕೆಲಸವಿದೆ. ಆದ್ದರಿಂದ ಕೋರ್ಸಿನಲ್ಲಿ ಪ್ರಾಜೆಕ್ಟುಗಳನ್ನು ಕನ್ನಡದಲ್ಲಿ ಮಾಡಲು ಅವಕಾಶವಿದೆಯೇ, ಅದನ್ನು ತಿದ್ದಬಲ್ಲ ಅಧ್ಯಾಪಕರಿದ್ದಾರೆಯೇ ಎಂದು ಕೇಳಿ. ಮೊಳಕಾಲ್ಮುರಿನಲ್ಲಿ ಕನ್ನಡದ ಜೊತೆ ತೆಲುಗೂ ಮನೆಮಾತಾಗಿರುವ ನೇಕಾರರ ನಡುವೆ ಓಡಾಡಿ, ಅಲ್ಲಿಯ ರೇಷ್ಮೆ ಸೀರೆಗೆ ಒಂದು ಪ್ರಚಾರ ಯೋಜನೆ ರೂಪಿಸಿ ಪ್ರೌಢಪ್ರಬಂಧವಾಗಿ ಒಪ್ಪಿಸುತ್ತೇನೆ ಎಂದರೆ ವಿಭಾಗದವರು ಖುಷಿಯಿಂದ ಒಪ್ಪುತ್ತಾರೆಯೇ? ಒಪ್ಪುವ ಕಡೆ ಸೇರಿ. ಅದೇ ವೇಳೆ, ಇಂಗ್ಲಿಷ್ ಬರವಣಿಗೆಯಲ್ಲಿ ಹಿಂಜರಿಕೆ ಇರುವವರು ಅದನ್ನು ಮುಚ್ಚಿಟ್ಟುಕೊಳ್ಳದೆ ಸೇರುವ ಮೊದಲಿನ ಆರು ತಿಂಗಳು ದಿನಕ್ಕೊಂದು ಪುಟ ಬರೆದು ಯಾರಿಂದಲಾದರೂ ತಿದ್ದಿಸಿಕೊಳ್ಳಬೇಕು. ಏಜೆನ್ಸಿಗಳ ಒಳಗಿನ ವ್ಯವಹಾರವೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತದೆ.

ಹತ್ತಿರದ್ದು, ದೂರದ್ದು

ಮನೆಗೆ ಹತ್ತಿರ ಉಳಿಯಬೇಕಾದವರಿಗೆ 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯದ ತೋಳಹುಣಸೆಯ ಶಿವಗಂಗೋತ್ರಿ ಆವರಣದಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ವಿಭಾಗವಿದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿಯೂ ಇದೆ. ಊರಿನಲ್ಲೇ ಓದುವುದನ್ನು ಕೀಳೆಂದು ಭಾವಿಸುವವರ ಮಾತಿಗೆ ಕಿವಿಗೊಡಬೇಡಿ. ಶುಲ್ಕ ಕಡಿಮೆ, ಮನೆಯ ಊಟ, ಜೊತೆಗೆ ಸ್ಥಳೀಯ ಪತ್ರಿಕೆಗಳು, ಚಿತ್ರದುರ್ಗದ ಆಕಾಶವಾಣಿ ಕೇಂದ್ರ, ಆಸ್ಪತ್ರೆಗಳು, ಶಿಕ್ಷಣ ಸಂಸ್ಥೆಗಳು, ಪಾಲಿಕೆ, ಹೀಗೆ ಕೆಲಸ ಕಲಿಯಲು ಬಾಗಿಲು ತಟ್ಟಬಹುದಾದ ಜಾಗಗಳು ಸೈಕಲ್ಲಿನ ದೂರದಲ್ಲೋ ಒಂದು ಬಸ್ಸಿನ ದೂರದಲ್ಲೋ ಇವೆ. ಮಾತಿನ ಹದ, ಪ್ರೇಕ್ಷಕರ ಎದುರಿನ ಧೈರ್ಯ ಬೇಕೆನ್ನುವವರಿಗೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಚಟುವಟಿಕೆ ಇದೆ. ನಾಟಕದಲ್ಲಿ ಪಳಗಿದವರು ಸುದ್ದಿಗೋಷ್ಠಿಯಲ್ಲಿ ತಡವರಿಸುವುದನ್ನು ನಾನು ಕಂಡಿಲ್ಲ. ಇಂಥ ಕಡೆ ಕೊರತೆಯಾಗುವುದು ದೊಡ್ಡ ಏಜೆನ್ಸಿಗಳ ಒಡನಾಟ. ಬೇಸಿಗೆ ರಜೆಯಲ್ಲಿ ಎಂಟು ವಾರ ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್ ಮಾಡಲು ಸಿದ್ಧರಿದ್ದರೆ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳಬಹುದು.

ಈ ವೃತ್ತಿಗೇ ಮೀಸಲಾದ ಶಿಕ್ಷಣ ಬೇಕೆನ್ನುವವರು ಹೊರಗೆ ಹೋಗಬೇಕಾಗುತ್ತದೆ. ದೆಹಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆ (ಐಐಎಂಸಿ) 1965ರಲ್ಲಿ ಸ್ಥಾಪನೆಯಾದದ್ದು. ಅದರ ಜಾಹೀರಾತು ಮತ್ತು ಸಾರ್ವಜನಿಕ ಸಂಪರ್ಕ ಕೋರ್ಸ್ ಹೆಸರುವಾಸಿ, ಆದರೆ ಅದು ಸ್ನಾತಕೋತ್ತರ ಡಿಪ್ಲೊಮಾ. ಸಂಸ್ಥೆಗೆ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ, ಅಂದರೆ ತಾನೇ ಪದವಿ ಕೊಡಬಲ್ಲ ಸಂಸ್ಥೆಯ, ಸ್ಥಾನ ದೊರೆತಿದೆ. ಯಾವುದು ಪದವಿ, ಯಾವುದು ಡಿಪ್ಲೊಮಾ ಎಂಬುದನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು. 1991ರಲ್ಲಿ ಆರಂಭವಾದ ಅಹಮದಾಬಾದಿನ ಮೈಕಾ ಬ್ರ್ಯಾಂಡ್ ಮತ್ತು ಜಾಹೀರಾತಿನ ಕಡೆ ಒಲವಿರುವವರಿಗೆ ಸರಿಯಾದದ್ದು, ಪ್ರವೇಶಕ್ಕೆ ಮೈಕ್ಯಾಟ್ ಎಂಬ ತನ್ನದೇ ಪರೀಕ್ಷೆ ನಡೆಸುತ್ತದೆ. ಪುಣೆಯ ಸಿಂಬಯಾಸಿಸ್ ಮಾಧ್ಯಮ ಸಂಸ್ಥೆಯದು ವ್ಯವಹಾರ ನಿರ್ವಹಣೆಯ ಪದವಿ. ನಮ್ಮದೇ ಮಣಿಪಾಲವೂ ಇದೆ. ಇಲ್ಲೆಲ್ಲ ಶುಲ್ಕ ರಾಜ್ಯದ ವಿಶ್ವವಿದ್ಯಾಲಯಗಳದ್ದಕ್ಕಿಂತ ಹಲವು ಪಟ್ಟು.

ಕೆಲಸ ಮಾಡುತ್ತಲೇ ಓದಬೇಕೆನ್ನುವವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಇಗ್ನೊ ಇವೆ. ಯಾವುದೇ ದೂರಶಿಕ್ಷಣ ಅಥವಾ ಆನ್‌ಲೈನ್ ಕೋರ್ಸಿಗೆ ಹಣ ಕಟ್ಟುವ ಮೊದಲು ಯುಜಿಸಿಯ ದೂರಶಿಕ್ಷಣ ಬ್ಯೂರೊದ ಪಟ್ಟಿಯಲ್ಲಿ ಆ ಸಂಸ್ಥೆಯ ಹೆಸರಷ್ಟೇ ಅಲ್ಲ, ಆ ವಿಷಯ ಮತ್ತು ಆ ಶೈಕ್ಷಣಿಕ ವರ್ಷ ಎರಡೂ ಇವೆಯೇ ಎಂದು ಖಚಿತಪಡಿಸಿಕೊಳ್ಳಿ.

ವಿದೇಶದ ಮಾತು. ಬ್ರಿಟನ್ನಿನ ಸ್ನಾತಕೋತ್ತರ ಪದವಿ ಸಾಮಾನ್ಯವಾಗಿ ಒಂದೇ ವರ್ಷದ್ದು. ಅಲ್ಲಿ ಸಾರ್ವಜನಿಕ ಸಂಪರ್ಕ ವೃತ್ತಿಯ ಸಂಸ್ಥೆಯಾದ ಸಿಐಪಿಆರ್ ಮಾನ್ಯ ಮಾಡಿದ ಕೋರ್ಸುಗಳಿವೆ. ಅಮೆರಿಕದಲ್ಲಿ ಪದವಿಯ ನಂತರ 12 ತಿಂಗಳು ಕೆಲಸ ಮಾಡಲು ಅವಕಾಶ ಕೊಡುವ ಒಪಿಟಿ ವ್ಯವಸ್ಥೆಯಲ್ಲಿ ವಿಜ್ಞಾನ, ತಂತ್ರಜ್ಞಾನ ವಿಷಯಗಳವರಿಗೆ ಇನ್ನೂ 24 ತಿಂಗಳ ವಿಸ್ತರಣೆ ಸಿಗುತ್ತದೆ. ಸಂವಹನದ ಬಹುತೇಕ ಕೋರ್ಸುಗಳು ಆ ಪಟ್ಟಿಯಲ್ಲಿ ಬರುವುದಿಲ್ಲ. ಎಂಜಿನಿಯರಿಂಗ್ ಓದಲು ಹೋದ ಚಿಕ್ಕಪ್ಪನ ಮಗ ಸಾಲ ತೀರಿಸಿದ ಲೆಕ್ಕವನ್ನು ಇಟ್ಟುಕೊಂಡು ಈ ವಿಷಯಕ್ಕೆ ಸಾಲ ಮಾಡಬೇಡಿ. ಅಪ್ಪ, ಅಮ್ಮ ಅಡಿಕೆ ತೋಟದ ಪಹಣಿ ಹಿಡಿದು ಬ್ಯಾಂಕಿಗೆ ಹೋಗುವ ಮೊದಲು ಈ ವ್ಯತ್ಯಾಸವನ್ನು ಅವರಿಗೆ ನೀವೇ ಬಿಡಿಸಿ ಹೇಳಬೇಕು.

ಸಾಲದ ಬಗ್ಗೆ ಇನ್ನೆರಡು ಮಾತು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ, ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯವರೆಗಿನ ಕುಟುಂಬಗಳ ಅರ್ಹ ವಿದ್ಯಾರ್ಥಿಗಳಿಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ. 3ರಷ್ಟು ನೆರವೂ ಇದೆ. ನೀವು ಆರಿಸಿದ ಸಂಸ್ಥೆ ಆ ಪಟ್ಟಿಯಲ್ಲಿದೆಯೇ ಎಂಬುದು ಆಯ್ಕೆಯ ಕಾಲದಲ್ಲೇ ನೋಡಬೇಕಾದ ಸಂಗತಿ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರಗಳ ಅವಧಿ ಮುಗಿದಿದ್ದರೆ ಮೊದಲೇ ನಾಡಕಚೇರಿಯಲ್ಲಿ ಹೊಸದನ್ನು ಮಾಡಿಸಿಟ್ಟುಕೊಳ್ಳಿ.

ಎರಡು ಮೂರು ಸಂಸ್ಥೆಗಳು ಉಳಿದ ಮೇಲೆ ಹೋಗಿ ನೋಡಿ ಬರುವುದನ್ನು ತಪ್ಪಿಸಬೇಡಿ. ಪ್ರವೇಶ ವಿಭಾಗದವರೊಡನೆ ಮಾತನಾಡುವುದಕ್ಕಿಂತ ಎರಡನೆಯ ವರ್ಷದ ವಿದ್ಯಾರ್ಥಿಗಳ ಜೊತೆ ಕ್ಯಾಂಟೀನಿನಲ್ಲಿ ಕುಳಿತು ಒಂದು ಲೋಟ ಚಹಾ ಕುಡಿಯುವುದು ಹೆಚ್ಚು ತಿಳಿಸುತ್ತದೆ. ಈ ಸೆಮಿಸ್ಟರಿನಲ್ಲಿ ನೀವು ಬರೆದದ್ದನ್ನು ತೋರಿಸುತ್ತೀರಾ ಎಂದು ಕೇಳಿ. ಅದರ ಮೇಲೆ ಅಧ್ಯಾಪಕರು ತಿದ್ದಿದ ಗುರುತುಗಳಿವೆಯೇ, ಅಥವಾ ಬರೀ ಅಂಕ ಮತ್ತು ಸಹಿ ಇದೆಯೇ ನೋಡಿ. ಕಾಯಂ ಅಧ್ಯಾಪಕರು ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು, ಏಜೆನ್ಸಿಗಳಲ್ಲಿ ಕೆಲಸ ಮಾಡಿದವರು ಯಾರಾದರೂ ಪಾಠಕ್ಕೆ ಬರುತ್ತಾರೆಯೇ, ಕಂಪ್ಯೂಟರ್ ಕೊಠಡಿ ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ವಿಚಾರಿಸಿ. ಎಲ್ಲರಿಗೂ ಕೆಲಸ ಕೊಡಿಸಿದ್ದೇವೆ ಎನ್ನುವ ಫಲಕ ಕಂಡರೆ, ಕಳೆದ ವರ್ಷ ಪಾಸಾದವರಲ್ಲಿ ಮೂವರ ಜೊತೆ ಮಾತನಾಡಲು ಸಾಧ್ಯವೇ ಎಂದು ಕೇಳಿ. ಅವರು ಈಗ ಮಾಡುತ್ತಿರುವುದು ಸಂವಹನದ ಕೆಲಸವೇ, ದೂರವಾಣಿಯಲ್ಲಿ ಸರಕು ಮಾರುವ ಕೆಲಸವೇ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ.

ನಾಲ್ಕು ವರ್ಷದ ಆನರ್ಸ್ ಪದವಿ ಮುಗಿಸಿದವರಿಗೆ ಯುಜಿಸಿಯ ಚೌಕಟ್ಟಿನಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿಗೂ ಅವಕಾಶವಿದೆ. ರಾಜ್ಯದಲ್ಲಿ 2024ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಮರಳಿರುವುದರಿಂದ ಇದು ಸದ್ಯ ಕೆಲವರಿಗಷ್ಟೇ ಅನ್ವಯಿಸುತ್ತದೆ. ಅವಕಾಶವಿದ್ದರೂ, ಪೋರ್ಟ್‌ಫೋಲಿಯೊ ಇನ್ನೂ ಖಾಲಿ ಇರುವವರು ಎರಡು ವರ್ಷದ ದಾರಿಯನ್ನೇ ಹಿಡಿಯಲಿ ಎಂದು ನಾನು ಹೇಳುತ್ತೇನೆ.

ಸೀಟು ಖಚಿತವಾದ ದಿನವೇ ಹಳೆಯ ವಿಶ್ವವಿದ್ಯಾಲಯದಿಂದ ವಲಸೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ, ವರ್ಗಾವಣೆ ಪತ್ರ ಮತ್ತು ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿಯ ತಲಾ ಐದು ಪ್ರತಿಗಳನ್ನು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ಬಣ್ಣ ಹಚ್ಚಿದ ಆ ಪತ್ರಿಕೆಗಳನ್ನೂ ಅದೇ ಕಡತದಲ್ಲಿ ಇಡಿ; ಸಂದರ್ಶನದಲ್ಲಿ ಈ ಕೋರ್ಸೇ ಏಕೆ ಎಂದು ಕೇಳಿದಾಗ ಅವನ್ನು ಮೇಜಿನ ಮೇಲೆ ಹರಡಿ ಉತ್ತರಿಸಬಹುದು.